ಅರ್ಧ ಆಟದ ಚಹಾ

ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿ ಬೆಳಗಿನ ಜಾವ ಐದು ಹೊಡೆಯುವ ಮೊದಲೇ ಏಳುವವರು ಇಬ್ಬರೇ ಎಂದು ಭಾಗೀರಥಮ್ಮನವರ ಅಂದಾಜು. ಒಬ್ಬ ಕಸದ ಲಾರಿಯವನು, ಇನ್ನೊಬ್ಬರು ಸ್ವತಃ ತಾವು. ಲಾರಿಯವನದು ಹೊಟ್ಟೆಪಾಡು, ಬಿಡಿ. ಅರವತ್ತು ದಾಟಿದ, ಮೊಣಕಾಲು ಹಿಡಿದ, ಹರಿಹರದ ಸರ್ಕಾರಿ ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟು ರಿಟೈರಾದ ಈ ಟೀಚರಮ್ಮನಿಗೆ ಏನು ಧಾಡಿ? ಮಗಳ ಮನೆ, ಬೆಚ್ಚನೆಯ ಹೀಟರ್, ಹೊದ್ದು ಮಲಗಬಾರದೆ?

ಮಲಗುವಂತಿರಲಿಲ್ಲ, ಏಕೆಂದರೆ ಅದೇ ಹೊತ್ತಿಗೆ ಇಟಲಿಯಲ್ಲಿ ಫುಟ್‌ಬಾಲ್ ಆಟ ಶುರುವಾಗುತ್ತಿತ್ತು. ಅವರ ರಾತ್ರಿ ನಮ್ಮ ಬೆಳಗಿನ ಜಾವ. ಭಾಗೀರಥಮ್ಮ ಮುಖ ತೊಳೆದು, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮುಗಿಸಿ, ಹಾಲ್‌ನ ಸೋಫಾದ ಒಂದು ತುದಿಯಲ್ಲಿ ಶಾಲು ಹೊದ್ದು ಕುಳಿತು ಟಿವಿ ಹಾಕುತ್ತಿದ್ದರು. ಸದ್ದು ಪೂರ್ತಿ ಬಂದ್. ಮೇಲಿನ ಕೋಣೆಯಲ್ಲಿ ಮಗಳು ಪ್ರಣತಿ, ಅಳಿಯ ಗಿರೀಶ, ಮೊಮ್ಮಗ ಅದ್ವಿಕ್ ಮಲಗಿರುತ್ತಿದ್ದರು. ಹಳದಿ-ಕೆಂಪು ಅಂಗಿಯ ಹುಡುಗರು ಸದ್ದಿಲ್ಲದೆ ಓಡಾಡಿ, ಸದ್ದಿಲ್ಲದೆ ಬಿದ್ದು, ಸದ್ದಿಲ್ಲದೆ ಸೋಲುತ್ತಿದ್ದರು.

ಆಟ ನೋಡುವುದು ನೆಪ. ಅವರು ಕಾಯುತ್ತಿದ್ದುದು ಅರ್ಧ ಆಟ ಮುಗಿಯುವುದನ್ನು. ಆಟಗಾರರು ನೀರು ಕುಡಿಯಲು ಒಳಗೆ ಹೋದ ತಕ್ಷಣ ತೊಡೆಯ ಮೇಲಿನ ಫೋನ್ ನಡುಗುತ್ತಿತ್ತು. ಮೆಲ್ಬರ್ನ್‌ನಿಂದ ಗಂಡ ಶಿವಲಿಂಗಪ್ಪ.

"ಏ, ಎದ್ದಿದೀಯಾ?"

"ಇಲ್ಲ, ಮಲ್ಕೊಂಡೇ ಫೋನ್ ಎತ್ತಿದೀನಿ," ಎನ್ನುವರು ಭಾಗೀರಥಮ್ಮ. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಆಮೇಲೆ ಕಾಲುಗಂಟೆ ಮಾತು. ಆಟಗಾರರು ಹೊರಗೆ ಬರುವವರೆಗೆ ಮಾತ್ರ.

ಮದುವೆಯಾಗಿ ಮೂವತ್ತೊಂಬತ್ತು ವರ್ಷವಾದ ಗಂಡಹೆಂಡಿರು ಹೀಗೆ ಕಳ್ಳರ ಹಾಗೆ ಮಾತಾಡುವ ಗತಿ ಯಾಕೆ ಬಂತು ಎಂದರೆ, ಅದು ಮಕ್ಕಳ ಪ್ರೀತಿಯಿಂದ ಬಂತು. ಪ್ರಣತಿಯ ಬಾಣಂತನಕ್ಕೆಂದು ಇಬ್ಬರೂ ಒಟ್ಟಿಗೆ ಮೂರು ವರ್ಷದ ವೀಸಾ ಹಿಡಿದು ಸಿಡ್ನಿಗೆ ಬಂದಿದ್ದರು. ಮಗು ಕೂರುವುದನ್ನು ಕಲಿಯುವ ಹೊತ್ತಿಗೆ ಮೆಲ್ಬರ್ನ್‌ನಲ್ಲಿ ಮಗ ರಾಘವನ ಹೆಂಡತಿ ಶ್ರೀವಿದ್ಯಾಗೆ ಹೊಸ ಕೆಲಸ ಸಿಕ್ಕಿತು. ಅವರ ಮಗಳು ಸಾನ್ವಿಯನ್ನು ಸ್ಕೂಲಿಗೆ ಬಿಟ್ಟು ಕರೆತರುವವರು ಬೇಕಾಯಿತು. ಅಣ್ಣತಂಗಿ ಫೋನಿನಲ್ಲೇ ತೀರ್ಮಾನ ಮಾಡಿದರು: ಅಮ್ಮ ಇಲ್ಲಿ, ಅಪ್ಪಾಜಿ ಅಲ್ಲಿ. ಎರಡೇ ತಿಂಗಳು ಅಂದರು. ಎರಡು ಹತ್ತಾಯಿತು. ಹೊಲ ಪಾಲಾಗುವುದನ್ನೂ ಮನೆ ಪಾಲಾಗುವುದನ್ನೂ ಭಾಗೀರಥಮ್ಮ ಕಂಡಿದ್ದರು. ಗಂಡಹೆಂಡಿರೇ ಪಾಲಾಗುವುದನ್ನು ಕಂಡಿರಲಿಲ್ಲ.

ಮಕ್ಕಳು ಕೆಟ್ಟವರಲ್ಲ, ಅದನ್ನೂ ಹೇಳಿಬಿಡಬೇಕು. ದಿನಾ ಸಂಜೆ ವಿಡಿಯೋ ಕಾಲ್ ಮಾಡಿಸುತ್ತಿದ್ದರು. ಆದರೆ ಅದರಲ್ಲಿ ಅದ್ವಿಕ್‌ನ ಹೊಸ ಹಲ್ಲು ಬರುತ್ತಿತ್ತು, ಸಾನ್ವಿಯ ಡ್ರಾಯಿಂಗ್ ಬರುತ್ತಿತ್ತು, ಮಾರ್ಟ್‌ಗೇಜಿನ ರೇಟು ಬರುತ್ತಿತ್ತು. ಮೂಲೆಯಲ್ಲಿ ಶಿವಲಿಂಗಪ್ಪನವರ ಅರ್ಧ ಹಣೆ ಮಾತ್ರ ಬರುತ್ತಿತ್ತು. "ಅಮ್ಮ, ಅಪ್ಪಾಜಿ ಜೊತೆ ಮಾತಾಡು" ಎಂದು ಎಲ್ಲರೂ ಮುಖ ನೋಡುತ್ತ ಕುಳಿತರೆ ಏನು ಮಾತಾಡುವುದು? "ಊಟ ಆಯ್ತಾ?" "ಆಯ್ತು. ನಿಂದು?" "ಆಯ್ತು." ಮುಗಿಯಿತು. ಸುಮ್ಮನೆ ಒಬ್ಬರೇ ಫೋನ್ ಮಾಡೋಣವೆಂದರೆ, ಈ ವಯಸ್ಸಿನವರ ಫೋನಿಗೆ ಕಾರಣ ಬೇಕು. ಕಾರಣವಿಲ್ಲದೆ ರಿಂಗಾದರೆ ಮಗಳು ಓಡಿಬಂದು "ಏನಾಯ್ತು?" ಎನ್ನುತ್ತಾಳೆ.

ದೀಪಾವಳಿಗೆ ರಾಘವನ ಸಂಸಾರ ಶಿವಲಿಂಗಪ್ಪನವರನ್ನು ಕರೆದುಕೊಂಡು ಸಿಡ್ನಿಗೆ ಬಂದಿತ್ತು, ನಿಜ. ಎರಡು ದಿನ ಇತ್ತು. ಮನೆ ತುಂಬ ಜನ. ಗಂಡಸರಿಗೆ ಒಂದು ಕೋಣೆ, ಹೆಂಗಸರು ಮಕ್ಕಳಿಗೆ ಇನ್ನೊಂದು. ಎರಡು ದಿನವೂ ಭಾಗೀರಥಮ್ಮ ಹೋಳಿಗೆ ತಟ್ಟಿದರು, ಶಿವಲಿಂಗಪ್ಪ ಹೋಳಿಗೆ ತಿಂದರು. ಹೋಗುವಾಗ ಕಾರಿನ ಕಿಟಕಿಯಿಂದ "ಮೊಣಕಾಲಿಗೆ ಎಣ್ಣೆ ಹಚ್ಚು" ಎಂದರು. ಅಷ್ಟೇ.

ಹಾಗೆ ನೋಡಿದರೆ ಇವರ ಸಂಸಾರ ಮೊದಲಿನಿಂದಲೂ ಪಾಳಿಯ ಸಂಸಾರವೇ. ಶಿವಲಿಂಗಪ್ಪ ಹರಿಹರದಲ್ಲಿ ಲೇತ್ ಯಂತ್ರ ಮಾಡುವ ಕಾರ್ಖಾನೆಯಲ್ಲಿದ್ದರು. ಮೂರನೇ ಪಾಳಿ ಮುಗಿಸಿ ಬೆಳಗ್ಗೆ ಸೈಕಲ್ ಒರಗಿಸುವ ಹೊತ್ತಿಗೆ ಭಾಗೀರಥಮ್ಮ ಶಾಲೆಗೆ ಹೊರಡಲು ಸೀರೆ ಉಟ್ಟಿರುತ್ತಿದ್ದರು. ನಡುವೆ ಇದ್ದದ್ದು ಕಾಲುಗಂಟೆ. ಮಕ್ಕಳು ಇನ್ನೂ ಎದ್ದಿರುತ್ತಿರಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಶಿವಲಿಂಗಪ್ಪ ಒಂದು ಲೋಟ ಚಹಾವನ್ನು ಎರಡು ಲೋಟಕ್ಕೆ ಸಮನಾಗಿ ಬಗ್ಗಿಸುತ್ತಿದ್ದರು. ಒನ್ ಬೈ ಟೂ. ಬೇರೆ ಬೇರೆ ಲೋಟದ ತುಂಬ ಕುಡಿಯುವಷ್ಟು ಹಾಲು ಮನೆಯಲ್ಲಿ ಇದ್ದಾಗಲೂ ಅವರು ಬಗ್ಗಿಸುವುದನ್ನು ಬಿಡಲಿಲ್ಲ. ರಿಟೈರಾದ ಮೇಲೆ ದಿನವಿಡೀ ಒಟ್ಟಿಗೆ ಇರಬಹುದು ಎಂದುಕೊಂಡಿದ್ದರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ಇವರಿಗೆ ಹಲ್ಲೂ ಇತ್ತು, ಕಡಲೆಯೂ ಇತ್ತು. ಒಂದು ಸಿಡ್ನಿಯಲ್ಲಿ, ಇನ್ನೊಂದು ಮೆಲ್ಬರ್ನ್‌ನಲ್ಲಿ.

ಇಟಲಿಯ ಫುಟ್‌ಬಾಲ್ ನಡುವೆ ನುಗ್ಗಿದ್ದು ಆಗಸ್ಟ್ ತಿಂಗಳಲ್ಲಿ. ಮೆಲ್ಬರ್ನ್‌ನ ಡ್ಯಾಂಡಿನಾಂಗ್ ಹತ್ತಿರ ರಾಘವನ ಮನೆಯ ಪಕ್ಕದಲ್ಲಿ ಕಾರ್ಮೆಲೋ ಎಂಬ ಇಟಲಿಯ ಮುದುಕನಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳು ದೂರ. ಅವನೂ ಒಂದು ಕಾಲಕ್ಕೆ ಡ್ಯಾಂಡಿನಾಂಗ್‌ನ ಕಾರ್ಖಾನೆಯಲ್ಲಿ ಲೇತ್ ತಿರುಗಿಸಿದವನಾದ್ದರಿಂದ ಇಬ್ಬರಿಗೂ ಬೇಲಿಯ ಮೇಲೆ ದೋಸ್ತಿಯಾಯಿತು. ಇವರ ಇಂಗ್ಲಿಷು ಅಷ್ಟಕ್ಕಷ್ಟೇ, ಅವನದು ಇನ್ನೂ ಅಷ್ಟಕ್ಕಷ್ಟೇ, ಹಾಗಾಗಿ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾಗುತ್ತಿದ್ದರು. ಒಮ್ಮೆ ನಿದ್ದೆ ಬಾರದೆ ಹಿತ್ತಿಲಲ್ಲಿ ಅಡ್ಡಾಡುತ್ತಿದ್ದ ಶಿವಲಿಂಗಪ್ಪನವರನ್ನು ಕಾರ್ಮೆಲೋ ಒಳಗೆ ಕರೆದು ಟಿವಿ ಮುಂದೆ ಕೂರಿಸಿದ. ಅವನ ಹುಟ್ಟೂರಿನ ಕ್ಲಬ್ಬು, ವಾಲ್ದೋರಾ, ಆಡುತ್ತಿತ್ತು. ಅರ್ಧ ಆಟದ ಬಿಡುವಿನಲ್ಲಿ ಶಿವಲಿಂಗಪ್ಪ ಹೊರಗೆ ಓಡಿಬಂದು ಮೊದಲ ಬಾರಿಗೆ, ಮಕ್ಕಳನ್ನು ಕೇಳದೆ, ಹೆಂಡತಿಗೆ ಫೋನ್ ಮಾಡಿದರು.

"ಏ, ಎದ್ದಿದೀಯಾ? ಟಿವಿ ಹಾಕು. ಇಟಲಿಯೋರು ನಮ್ಮ ಕನ್ನಡ ಬಾವುಟ ಉಟ್ಕಂಡು ಓಡ್ತಿದಾರೆ ಕಣೆ!"

ಆಮೇಲೆ ನೋಡಿದರೆ ನಿಜವೇ. ಎದೆಯವರೆಗೆ ಹಳದಿ, ಕೆಳಗೆ ಕೆಂಪು. ಆ ಬಣ್ಣ ಕಂಡ ಮೇಲೆ ಕನ್ನಡದವರು ಇನ್ನೊಂದು ತಂಡದ ಕಡೆ ಹೋಗುವುದುಂಟೆ? ಮುಂದಿನ ವಾರದಿಂದ ಭಾಗೀರಥಮ್ಮ ಆಟ ತೋರಿಸುವ ಆ್ಯಪ್‌ಗೆ ರಾಘವನ ಪಾಸ್‌ವರ್ಡನ್ನೇ ಹಾಕಿಸಿಕೊಂಡು ಸಿಡ್ನಿಯಲ್ಲಿ ಕುಳಿತರು. ಫೋನಿಗೆ ಕಾರಣ ಸಿಕ್ಕಿತ್ತು.

ಹಿಂದಿನ ವರ್ಷ ವಾಲ್ದೋರಾ ಮೂರನೇ ಜಾಗದಲ್ಲಿತ್ತಂತೆ. ಈ ವರ್ಷ ಕಪ್ಪು ನಮ್ಮದೇ ಎಂದು ಕಾರ್ಮೆಲೋ ಕೈ ಬೀಸಿ ಸಾರಿದ್ದ. ಈ ಮಾತನ್ನು ಕನ್ನಡಿಗರು ಎಷ್ಟು ವರ್ಷ ಹೇಳಿದ್ದಾರೆ, ಎಷ್ಟು ವರ್ಷ ನುಂಗಿಕೊಂಡಿದ್ದಾರೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಹಾಗೇ ಆಯಿತು. ದೊಡ್ಡ ಹೆಸರಿನ ಹೊಸ ಆಟಗಾರನೊಬ್ಬನನ್ನು ಕರೆತಂದಿದ್ದರು. ಅವನು ಚೆಂಡಿಗಿಂತ ಹೆಚ್ಚು ಬಾರಿ ತನ್ನ ಕೂದಲನ್ನೇ ಮುಟ್ಟಿಕೊಳ್ಳುತ್ತಿದ್ದ. ಭಾಗೀರಥಮ್ಮ ಅವನಿಗೆ ಮದುಮಗ ಎಂದು ಹೆಸರಿಟ್ಟರು. "ಇವತ್ತಾದ್ರೂ ಮದುಮಗ ತಾಳಿ ಕಟ್ತಾನಾ?" ಎಂದರೆ ಗೋಲು ಹೊಡೆಯುತ್ತಾನಾ ಎಂದು ಅರ್ಥ. ಮದುಮಗ ಕಟ್ಟಲಿಲ್ಲ. ಅಕ್ಟೋಬರಿನಲ್ಲಿ ಸೋತರು, ನವೆಂಬರಿನಲ್ಲಿ ಸೋತರು, ಡಿಸೆಂಬರಿನಲ್ಲಿ ಕೋಚನ್ನು ತೆಗೆದು ಹೊಸಬನನ್ನು ತಂದು ಅವನ ಕೈಕೆಳಗೂ ಸೋತರು. ಬೇಸಿಗೆಯಲ್ಲಿ ಇಲ್ಲಿ ಗಡಿಯಾರ ಮುಂದೆ ತಳ್ಳಿದಾಗ ಆಟ ಏಳರ ಹತ್ತಿರ ಬಂದು, ಅದ್ವಿಕ್ ಎದ್ದುಬಿಡುತ್ತಿದ್ದ. ಆಗ ಭಾಗೀರಥಮ್ಮ ಮಗುವಿನ ಬಾಯಿಗೆ ರಾಗಿ ಸರಿ ಇಡುತ್ತ, ಭುಜಕ್ಕೆ ಫೋನ್ ಒತ್ತಿಕೊಂಡು, ಗೋಲ್‌ಕೀಪರನನ್ನು ಬೈಯುತ್ತಿದ್ದರು.

ಆ ಕಾಲುಗಂಟೆಯಲ್ಲಿ ಇಬ್ಬರೂ ತಮ್ಮ ವಿಷಯ ಮಾತಾಡಿದ್ದಿಲ್ಲ. ಎಲ್ಲ ಆಟದ್ದೇ ಮಾತು. ಆದರೂ ಕೇಳಿಸಿಕೊಳ್ಳುವ ಕಿವಿಗೆ ಕೇಳಿಸುತ್ತಿತ್ತು. "ಇವರ ಡಿಫೆನ್ಸ್ ಸರಿಯಿಲ್ಲ" ಎನ್ನುತ್ತ ಶಿವಲಿಂಗಪ್ಪ ಕೆಮ್ಮಿದರೆ ಭಾಗೀರಥಮ್ಮ ಶುಂಠಿ ಕಷಾಯ ಕುಡಿಯಿರಿ ಎನ್ನುತ್ತಿದ್ದರು. ಒಂದು ದಿನ ಶಿವಲಿಂಗಪ್ಪ ಬೇರೆಯದೇ ಧ್ವನಿಯಲ್ಲಿ ಹೇಳಿದರು:

"ಈ ಕಾರ್ಮೆಲೋ ಮನೇಲಿ ಟಿವಿ ಮುಂದೆ ಎರಡು ಕುರ್ಚಿ ಐತೆ. ಒಂದ್ರಲ್ಲಿ ಅವನು ಕೂರ್ತಾನೆ. ಇನ್ನೊಂದ್ರಲ್ಲಿ ಯಾರ್ನೂ ಕೂರ್ಸಲ್ಲ. ನಂಗೆ ಒಳಗಿಂದ ಸ್ಟೂಲ್ ತಂದ್ಕೊಡ್ತಾನೆ."

ಭಾಗೀರಥಮ್ಮ ಉತ್ತರ ಕೊಡುವಷ್ಟರಲ್ಲಿ ಆಟಗಾರರು ಹೊರಗೆ ಬಂದರು. ಅವತ್ತು ಫೋನ್ ಇಟ್ಟ ಮೇಲೆ ಅವರಿಗೆ ಆಟ ಕಾಣಿಸಲಿಲ್ಲ. ಬರೀ ಆ ಖಾಲಿ ಕುರ್ಚಿ ಕಾಣಿಸುತ್ತಿತ್ತು. ಗಂಡನ ಹತ್ತಿರ ಹೋಗಿ ಕೂರಬೇಕು ಎಂದು ಒಂದು ಆಸೆ ಎದ್ದಿತು. ಇಪ್ಪತ್ತರ ವಯಸ್ಸಿನಲ್ಲೂ ಹೀಗೆ ಆಗಿರಲಿಲ್ಲ.

ಹಾಗಾದರೆ ಹೋಗಬಾರದಿತ್ತೆ? ಇಲ್ಲೇ ಇರುವುದು ತೊಡಕು. ಅವರಿಗೆ ಗಂಡನ ಮೇಲೆ ಒಂದು ಸಣ್ಣ ಮುನಿಸಿತ್ತು. ಯುಗಾದಿಗೆ ಪ್ರಣತಿ ಅಪ್ಪನನ್ನು ಸಿಡ್ನಿಗೆ ಕರೆದಿದ್ದಳು. "ಅಪ್ಪಾಜಿ ಬೇಡ ಅಂದ್ರಮ್ಮ" ಎಂದು ಬಂದು ಹೇಳಿದ್ದಳು. ಬೇಡ ಅಂದರೆ? ಹತ್ತು ತಿಂಗಳಾದ ಮೇಲೂ ಬೇಡವೆನಿಸಿದರೆ, ಅಲ್ಲೇ ಸುಖವಾಗಿದ್ದಾರೆ ಎಂದರ್ಥ. ತಾನು ಮೇಲೆ ಬಿದ್ದು ಹೋಗುವುದೆ? ಮಕ್ಕಳೆದುರು "ನನಗೆ ಗಂಡ ಬೇಕು" ಎನ್ನುವುದೆ? ಶಿವಶಿವಾ.

ಹೀಗಿರುವಾಗ ಏಪ್ರಿಲ್‌ನಲ್ಲಿ ಶಿವಲಿಂಗಪ್ಪ ಒಂದು ಸುದ್ದಿ ತಂದರು. ವಾಲ್ದೋರಾ ಆರನೇ ಜಾಗದೊಳಗೆ ಬಂದರೆ, ಜುಲೈ ರಜೆಯಲ್ಲಿ ಸಿಡ್ನಿಗೆ ಬಂದು ಒಂದು ಪ್ರದರ್ಶನದ ಆಟ ಆಡುತ್ತದಂತೆ. ಕಾರ್ಮೆಲೋಗೆ ಯಾರೋ ಹೇಳಿದ್ದರು.

"ಬಂದ್ರೆ ರಾಘವ ಟಿಕೆಟ್ ಬುಕ್ ಮಾಡ್ತಾನೆ. ನಾನೂ ಕಾರ್ಮೆಲೋನೂ ಬರ್ತೀವಿ," ಎಂದರು ಶಿವಲಿಂಗಪ್ಪ. ಆಮೇಲೆ, "ನಿಮ್ಮನೇಲಿ ಒಂದ್ವಾರ ಇರ್ಬೋದಲ್ಲ?" ಎಂದರು. ಮಗಳ ಮನೆಯಲ್ಲಿ ಇರಲು ಹೆಂಡತಿಯ ಅಪ್ಪಣೆ ಕೇಳುವ ಹಾಗೆ.

ಅಲ್ಲಿಂದ ಭಾಗೀರಥಮ್ಮನಿಗೆ ನಿಜವಾದ ಫುಟ್‌ಬಾಲ್ ಹುಚ್ಚು ಹಿಡಿಯಿತು. ವಾಲ್ದೋರಾ ಆಗ ಎಂಟನೆಯದು. ಒಂದು ಗೆದ್ದರು, ಏಳಕ್ಕೆ ಬಂದರು. ಮದುಮಗ ಕೊನೆಗೂ ಒಂದು ತಾಳಿ ಕಟ್ಟಿದ ದಿನ ಅವರು ಸದ್ದಾಗದಂತೆ ಬಾಯಿಗೆ ಸೆರಗು ತುರುಕಿಕೊಂಡು ಕುಣಿದರು, ಮೊಣಕಾಲು ಮರೆತೇ ಹೋಗಿತ್ತು. ಕಡೆಗೆ ಉಳಿದದ್ದು ಒಂದೇ ಆಟ. ಗೆದ್ದರೆ ಆರನೇ ಜಾಗ, ಶಿವಲಿಂಗಪ್ಪ ಸಿಡ್ನಿಗೆ. ಸೋತರೆ ಆಗಸ್ಟ್‌ವರೆಗೆ ಆಟವೇ ಇಲ್ಲ, ಅರ್ಧ ಆಟದ ಫೋನೂ ಇಲ್ಲ. ಬಸವಣ್ಣನಿಗೆ ತುಪ್ಪದ ದೀಪ ಹರಸಿಕೊಂಡು ಭಾಗೀರಥಮ್ಮ ಆ ದಿನ ಸೋಫಾದಲ್ಲಿ ಕುಳಿತರು.

ಎದುರಾಳಿ ತಂಡ ಆಟ ಶುರುವಾದ ಹೊಸದರಲ್ಲೇ ಒಂದು ಗೋಲು ಹೊಡೆಯಿತು. ಹಳದಿ-ಕೆಂಪು ಹುಡುಗರು ದಿಕ್ಕು ತಪ್ಪಿದವರಂತೆ ಓಡಾಡಿದರು. ಅರ್ಧ ಆಟ ಮುಗಿಯಿತು. ಫೋನ್ ಬಂತು.

"ಏ, ಎದ್ದಿದೀಯಾ?"

ಅವತ್ತು ಭಾಗೀರಥಮ್ಮನಿಗೆ ತಮಾಷೆಯ ಉತ್ತರ ಹೊರಡಲಿಲ್ಲ. "ಎದ್ದಿದೀನಿ ಕಣ್ರೀ," ಎಂದರು.

"ಇನ್ನೂ ಅರ್ಧ ಐತೆ."

"ಐತೆ."

ಆ ಕಡೆ ಹಕ್ಕಿಯೊಂದು ಕೂಗುತ್ತಿತ್ತು. ಶಿವಲಿಂಗಪ್ಪ ಕಾರ್ಮೆಲೋನ ಹಿತ್ತಿಲಲ್ಲಿ, ಟೊಮ್ಯಾಟೋ ಗಿಡಗಳಿಗೆ ನೆಟ್ಟ ಕೋಲುಗಳ ನಡುವೆ ನಿಂತಿರುತ್ತಾರೆಂದು ಭಾಗೀರಥಮ್ಮನಿಗೆ ಗೊತ್ತಿತ್ತು.

"ಇವ್ರು ಗೆದ್ದಿದ್ರೆ ಬರ್ಬೋದಿತ್ತು ನೋಡು," ಎಂದರು ಶಿವಲಿಂಗಪ್ಪ, ಆಟ ಆಗಲೇ ಮುಗಿದುಹೋದಂತೆ.

ಭಾಗೀರಥಮ್ಮನಿಗೆ ಸಿಟ್ಟು ಬಂತು. ಎಂಟು ತಿಂಗಳ ಸೋಲಿನ ಸಿಟ್ಟು. "ಆಟ ನೋಡಕ್ಕೆ ಆದ್ರೆ ಬರ್ತೀರಿ. ಯುಗಾದಿಗೆ ಮಗಳು ಕರೆದ್ರೆ ಬೇಡ ಅಂತೀರಿ."

"ನಾನೆಲ್ಲಿ ಬೇಡ ಅಂದೆ?"

"ಅಂದ್ರಂತಲ್ಲ, ಪ್ರಣತಿ ಹೇಳಿದ್ಲು."

"ಯಾಕವ್ವ ಸುಮ್ನೆ ಖರ್ಚು, ಬೇಡ ಬಿಡು ಅಂದೆ. ಅದು ಬೇಡ ಅಂದಂಗಾ? ಇನ್ನೊಂದ್ಸಲ ಕರೀತಾಳೆ ಅಂತ ಬ್ಯಾಗ್ ಕೂಡ ಹೊರಗೆ ತೆಗ್ದಿಟ್ಟಿದ್ದೆ. ಓಕೆ ಅಪ್ಪಾಜಿ ಅಂದು ಇಟ್ಟೇಬಿಟ್ಲು." ಶಿವಲಿಂಗಪ್ಪನ ಧ್ವನಿಯೂ ಏರಿತು. "ನಿಂದೇನು? ಡಿಸೆಂಬರಲ್ಲಿ ರಾಘವ ನಿನ್ನ ಕರೆದಾಗ ನೀನೂ ಬೇಡ ಅಂದ್ಯಂತೆ?"

ಭಾಗೀರಥಮ್ಮನಿಗೆ ಡಿಸೆಂಬರಲ್ಲಿ ರಾಘವ ಕೇಳಿದ್ದು ನೆನಪಾಯಿತು. ಮಗು ಬಿಟ್ಟು ಹೆಂಗಪ್ಪ ಬರ್ಲಿ, ಬೇಡ ಬಿಡು ಎಂದಿದ್ದರು. ಎಂದು, ಅವನು "ಇಲ್ಲಮ್ಮ, ಬರ್ಲೇಬೇಕು" ಎನ್ನುವುದಕ್ಕೆ ಕಾದಿದ್ದರು. ಅವನು "ನೋ ವರೀಸ್ ಅಮ್ಮ" ಎಂದಿದ್ದ.

ನಮ್ಮ ಕಡೆ ಎಲೆಯ ಮುಂದೆ ಕುಳಿತವರು ಮೊದಲ ಸಲಕ್ಕೆ ಹೋಳಿಗೆ ಹಾಕಿಸಿಕೊಳ್ಳುವುದುಂಟೆ? ಬೇಡ ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿಯಬೇಕು. ಬಡಿಸುವವರು ಆ ಕೈ ಸರಿಸಿ ಹಾಕಬೇಕು. ಮೊದಲ ಬೇಡ ಮರ್ಯಾದೆಯದು, ಎರಡನೆಯದು ಸಂಕೋಚದ್ದು, ಮೂರನೆಯದು ಬಂದರೆ ಮಾತ್ರ ಹೊಟ್ಟೆ ತುಂಬಿದೆ ಎಂದು. ಹತ್ತು ವರ್ಷ ಈ ದೇಶದಲ್ಲಿ ಬಾಳಿದ ಮಕ್ಕಳು ಅದನ್ನು ಮರೆತಿದ್ದರು. ಇಲ್ಲಿ ಒಂದು ಸಲ ಕೇಳುತ್ತಾರೆ, ಹೇಳಿದ್ದನ್ನು ನಂಬುತ್ತಾರೆ. ಅದೂ ಮರ್ಯಾದೆಯೇ. ತಪ್ಪು ಯಾರದೆಂದು ಹೇಳುವುದು? ಇಬ್ಬರು ಮುದುಕರು ಎಲೆಗೆ ಕೈ ಅಡ್ಡ ಹಿಡಿದುಕೊಂಡು ಹಸಿದು ಕುಳಿತಿದ್ದರು, ಅಷ್ಟೇ.

"ನಾನು ಸುಮ್ನೆ ಬೇಡ ಅಂದಿದ್ದು ಕಣ್ರೀ," ಎಂದರು ಭಾಗೀರಥಮ್ಮ.

"ನಾನೂ ಸುಮ್ನೇ ಅಂದಿದ್ದು."

ಟಿವಿಯಲ್ಲಿ ಆಟಗಾರರು ಹೊರಗೆ ಬಂದರು. ಒಳಗಿನಿಂದ ಕಾರ್ಮೆಲೋ ಕೂಗಿದ್ದು ಫೋನಿನಲ್ಲಿ ಕೇಳಿಸಿತು. ಶಿವಲಿಂಗಪ್ಪ ಹೋಗಲಿಲ್ಲ, ಭಾಗೀರಥಮ್ಮ ಟಿವಿ ಕಡೆ ತಿರುಗಲಿಲ್ಲ. ನನಗೆ ಇಲ್ಲಿ ಬೇಜಾರು ಎಂದು ಶಿವಲಿಂಗಪ್ಪ ಒಮ್ಮೆ ಹೇಳಿದರು. ನನಗೂ ಎಂದು ಇವರು ಹೇಳಿದರು. ಮೂವತ್ತೊಂಬತ್ತು ವರ್ಷದಲ್ಲಿ ಇಷ್ಟನ್ನು ಬಾಯಿಬಿಟ್ಟು ಹೇಳಿಕೊಂಡದ್ದು ಅದೇ ಮೊದಲು. ತುಂಬ ಹೊತ್ತಿನ ಮೇಲೆ ಕಾರ್ಮೆಲೋನ ಮನೆಯೊಳಗಿಂದ ಒಂದು ಉದ್ದನೆಯ ನರಳಿಕೆ ಕೇಳಿಬಂತು. ಭಾಗೀರಥಮ್ಮ ಟಿವಿ ಕಡೆ ತಿರುಗಿ ನೋಡಿದರು. ಸೊನ್ನೆ-ಎರಡು. ಮದುಮಗ ಹುಲ್ಲಿನ ಮೇಲೆ ಅಂಗಾತ ಬಿದ್ದು, ಅಂಗಿಯಿಂದ ಮುಖ ಮುಚ್ಚಿಕೊಂಡಿದ್ದ. ಅವತ್ತು ಅವನ ಮೇಲೆ ಭಾಗೀರಥಮ್ಮನಿಗೆ ಕನಿಕರ ಹುಟ್ಟಿತು.

"ಮುಗೀತು," ಎಂದರು ಶಿವಲಿಂಗಪ್ಪ. "ಇನ್ನು ಆಗಸ್ಟಿಗೆ."

ಬೆಳಗಾಯಿತು. ಪ್ರಣತಿ ಲ್ಯಾಪ್‌ಟಾಪ್ ಹಿಡಿದು ಕೆಳಗೆ ಬಂದಳು, ಗಿರೀಶ ಕಾರಿನ ಕೀಲಿ ಹುಡುಕುತ್ತಿದ್ದ. ಭಾಗೀರಥಮ್ಮ ಒಲೆಯ ಮುಂದೆ ನಿಂತು ದೋಸೆ ಹೊಯ್ಯುತ್ತಿದ್ದರು. ಇನ್ಸ್‌ಪೆಕ್ಟರ್ ಬಂದ ದಿನವೂ ತರಗತಿಯಲ್ಲಿ ಹೀಗೆ ಹೆದರಿರಲಿಲ್ಲ. ಅತ್ತರೆ ತಾನೆ ತಾಯಿ ಹಾಲು ಕೊಡುವುದು ಎಂದು ಎಷ್ಟು ಮಕ್ಕಳಿಗೆ ಹೇಳಿದ್ದರೋ. ಈಗ ತಾಯಿಯೇ ಅಳಬೇಕಾಗಿತ್ತು.

"ನಂಗೆ ಮೆಲ್ಬರ್ನ್‌ಗೆ ಹೋಗ್ಬೇಕು," ಎಂದರು, ಕಾವಲಿ ನೋಡುತ್ತ.

"ಯಾಕಮ್ಮಾ?" ಪ್ರಣತಿ ಗಾಬರಿಯಾಗಿ ತಲೆ ಎತ್ತಿದಳು. "ಅಪ್ಪಾಜಿಗೆ ಹುಷಾರಿಲ್ವಾ?"

"ಹುಷಾರಾಗಿದಾರೆ. ಅದಕ್ಕೇ ಹೋಗ್ಬೇಕು." ದೋಸೆ ಸೀಯುತ್ತಿತ್ತು, ಅವರು ತಿರುವಿ ಹಾಕಲಿಲ್ಲ. "ಹುಷಾರಿಲ್ದಿದ್ರೆ ನೀವೇ ತಕ್ಷಣ ಕಳಿಸ್ತೀರಿ. ನಾವಿಬ್ರೂ ಗಟ್ಟಿಮುಟ್ಟಾಗಿರೋವಾಗ್ಲೇ ಜೊತೆಗಿರ್ಬೇಕು ನಂಗೆ."

ಗಿರೀಶ ಕೀಲಿ ಸಿಕ್ಕರೂ ಹುಡುಕುತ್ತಲೇ ಇದ್ದ. ಪ್ರಣತಿಯ ಮುಖ ಸಣ್ಣದಾಯಿತು. "ಇಲ್ಲಿ ನಿಂಗೆ ಖುಷಿಯಿಲ್ವಾ ಅಮ್ಮ? ಒಂದಿನಾನೂ ಹೇಳ್ಲಿಲ್ಲ. ಬರ್ತೀಯಾ ಅಂತ ರಾಘವಣ್ಣ ಕೇಳ್ದಾಗ ನೀನೇ ಬೇಡ ಅಂದೆ."

"ಅಂದೆ. ತಪ್ಪು ನಂದೇ. ಈಗ ಬೇಕು ಅಂತಿದೀನಿ."

ಆಮೇಲೆ ಅಳು ಬಂದದ್ದು ಪ್ರಣತಿಗೆ. ಅಮ್ಮನ ಮೇಲಿನ ಸಿಟ್ಟೋ, ಅದ್ವಿಕ್‌ನನ್ನು ಯಾರ ಕೈಲಿ ಬಿಡುವುದು ಎಂಬ ದಿಗಿಲೋ, ಇಷ್ಟು ದಿನ ತನಗೆ ಕಾಣದೇ ಹೋಯಿತಲ್ಲ ಎಂಬ ನಾಚಿಕೆಯೋ, ಅವಳಿಗೇ ಗೊತ್ತಾಗಲಿಲ್ಲ. ಭಾಗೀರಥಮ್ಮನಿಗೂ ಮಗುವನ್ನು ಬಿಟ್ಟು ಹೋಗುವುದು ಸುಲಭವಿರಲಿಲ್ಲ. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗಿರೀಶ ಮೆಲ್ಲಗೆ, "ನಾನೂ ಸ್ವಲ್ಪ ದಿನ ಲೀವ್ ಹಾಕ್ತೀನಿ, ಅಷ್ಟರಲ್ಲಿ ಡೇ ಕೇರ್ ನೋಡೋಣ. ಅತ್ತೆ, ನೀವು ಹೋಗಿಬನ್ನಿ," ಎಂದ. ಯಾವತ್ತೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವ ಅಳಿಯ ಅಂದು ನೇರವಾಗಿ ಮಾತಾಡಿದ್ದ.

ಮೆಲ್ಬರ್ನ್ ಏರ್‌ಪೋರ್ಟಿನಲ್ಲಿ ರಾಘವನ ಪಕ್ಕ ಶಿವಲಿಂಗಪ್ಪ ನಿಂತಿದ್ದರು. ಕೊರಳಲ್ಲಿ ಕಾರ್ಮೆಲೋ ಎರವಲು ಕೊಟ್ಟ ಹಳದಿ-ಕೆಂಪು ಮಫ್ಲರ್. ಗಡ್ಡ ನುಣ್ಣಗೆ ಬೋಳಿಸಿಕೊಂಡಿದ್ದರು, ಗಲ್ಲದ ಹತ್ತಿರ ಸಣ್ಣ ಗಾಯ. ಹೆಂಡತಿಯ ಕೈಯಿಂದ ಬ್ಯಾಗ್ ತೆಗೆದುಕೊಂಡರು.

"ಸೋತ್ರು ನೋಡು," ಎಂದರು.

"ನೋಡಿದೆ," ಎಂದರು ಭಾಗೀರಥಮ್ಮ. ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರ ನಡುವೆ ಇಟ್ಟಿದ್ದ ಬ್ಯಾಗನ್ನು ಶಿವಲಿಂಗಪ್ಪ ಎತ್ತಿ ಕಾಲಬುಡಕ್ಕೆ ಇಳಿಸಿದರು.

ಸಂಜೆ ಶ್ರೀವಿದ್ಯಾ ಅತ್ತೆಗೆಂದು ಸಾನ್ವಿಯ ಕೋಣೆಯಲ್ಲಿ ಹಾಸಿಗೆ ಹಾಸಿದ್ದಳು. "ಬೇಡಮ್ಮ, ನಾನು ಅವರಿರೋ ಕೋಣೇಲೇ ಮಲಗ್ತೀನಿ," ಎಂದರು ಭಾಗೀರಥಮ್ಮ. ಅದು ಮೂರನೆಯ ಬೇಡದಂಥ ಬೇಡವಾಗಿತ್ತು. ಸೊಸೆ ನಕ್ಕು ದಿಂಬು ಎತ್ತಿಕೊಟ್ಟಳು. ನಾಚಿಕೆ ಬಿಟ್ಟವನು ಊರಿಗೆ ದೊಡ್ಡವನು ಎಂಬ ಗಾದೆ ಇದೆ. ಭಾಗೀರಥಮ್ಮನಿಗೆ ಆ ದೊಡ್ಡತನ ಒಗ್ಗತೊಡಗಿತ್ತು.

ಬೆಳಗಿನ ಜಾವ ಇಬ್ಬರಿಗೂ ಎಚ್ಚರವಾಯಿತು. ಆಟವಿಲ್ಲದಿದ್ದರೂ ಅಭ್ಯಾಸ ಬಿಡಬೇಕಲ್ಲ. ಭಾಗೀರಥಮ್ಮ ಪೂಜೆ ಮುಗಿಸಿ ಬರುವ ಹೊತ್ತಿಗೆ ಶಿವಲಿಂಗಪ್ಪ ಚಹಾ ಕುದಿಸಿ, ಹಾಲ್‌ನಲ್ಲಿ ಕಪ್ಪಗಿದ್ದ ಟಿವಿಯ ಮುಂದೆ ಎರಡು ಲೋಟ ಇಟ್ಟುಕೊಂಡು ಕುಳಿತಿದ್ದರು. ಒಂದು ತುಂಬಿತ್ತು, ಒಂದು ಖಾಲಿ. ಹೆಂಡತಿ ಪಕ್ಕದಲ್ಲಿ ಕುಳಿತ ಮೇಲೆ ತುಂಬಿದ್ದನ್ನು ಎತ್ತಿ ಖಾಲಿಯದಕ್ಕೆ ಬಗ್ಗಿಸಿದರು.

"ಇನ್ನೊಂಚೂರು ಹಾಕ್ಲಾ?"

ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಹಾಕ್ರಿ," ಎಂದರು ಭಾಗೀರಥಮ್ಮ.

ಕುಡಿದರು. ಮಾತಾಡಲು ಆಟವಿರಲಿಲ್ಲ, ಬೇಕೂ ಆಗಿರಲಿಲ್ಲ. ಹೊರಗೆ ಇನ್ನೂ ಕತ್ತಲು. ಬೇಲಿಯಾಚೆ, ಪಕ್ಕದ ಮನೆಯ ಕಿಟಕಿಯಲ್ಲಿ ದೀಪ ಹೊತ್ತಿಕೊಂಡಿತು. ಕಾರ್ಮೆಲೋ ಕೂಡ ಎದ್ದಿದ್ದ. ಆಟವಿಲ್ಲವೆಂದು ಅವನಿಗೂ ಗೊತ್ತು. ತನ್ನ ಕುರ್ಚಿಯಲ್ಲಿ ಕುಳಿತನೋ, ಇನ್ನೊಂದು ಕುರ್ಚಿಯನ್ನು ನೋಡುತ್ತ ನಿಂತನೋ, ಇಲ್ಲಿಂದ ಕಾಣುತ್ತಿರಲಿಲ್ಲ.

"ಅವನೂ ಎದ್ದಿದಾನೆ," ಎಂದರು ಶಿವಲಿಂಗಪ್ಪ.

"ಚಾಕ್ಕೆ ಕರೀರಿ."

"ಬೇಡ ಅಂತಾನೆ. ಮಂಡಕ್ಕಿ ಕೊಟ್ರೂ ಹಂಗೇ, ಮೊದ್ಲು ಬೇಡ ಅಂತಾನೆ."

"ಇನ್ನೊಂದ್ಸಲ ಕರೀರಿ," ಎಂದರು ಭಾಗೀರಥಮ್ಮ.

ಶಿವಲಿಂಗಪ್ಪ ಹೆಂಡತಿಯ ಮುಖ ನೋಡಿದರು. ಮಫ್ಲರ್ ಸುತ್ತಿಕೊಂಡು, ಚಪ್ಪಲಿ ಮೆಟ್ಟಿ ಬೇಲಿಯ ಕಡೆ ಹೊರಟರು. ಭಾಗೀರಥಮ್ಮ ಅಡುಗೆಮನೆಯಿಂದ ಇನ್ನೊಂದು ಲೋಟ ತಂದಿಟ್ಟರು.